‘ಕೊಳ್ಳು’ ಕಲಿಸುವ ಪಾಠ

ಕರ್ನೂಲು ಜಿಲ್ಲೆಯ ಗಡಿಸೀಮೆಯ ಊರುಗಳಲ್ಲಿ ಕನ್ನಡ ವಿದ್ಯಾರ್ಥಿಯ ಕಿವಿಗೆ ತೆಲುಗೂ ಸದಾ ಬೀಳುತ್ತಿರುತ್ತದೆ. ಕನ್ನಡದ ‘ಕಲಿತುಕೊಳ್ಳು’, ತೆಲುಗಿನ ‘ನೇರ್ಚುಕೊನು’ ಇವುಗಳ ಧಾತುಗಳು ಬೇರೆ. ಆದರೆ ‘ತನಗಾಗಿ’ ಎಂಬ ಅರ್ಥ ಕೊಡುವ ‘ಕೊಳ್ಳು’, ‘ಕೊನು’ ಒಂದೇ ದ್ರಾವಿಡ ಮೂಲದವು. ‘ನೆನಪಿಟ್ಟುಕೊಳ್ಳು’, ‘ಗುರ್ತುಪೆಟ್ಟುಕೊನು’ ಎಂಬಲ್ಲಿಯೂ ಅವೇ ಇವೆ. ಜಪಾನಿ ಭಾಷೆಯಲ್ಲಿ ಕಲಿಯುವುದಕ್ಕೂ ನೆನಪಿಡುವುದಕ್ಕೂ ‘ಒಬೊಎರು’ ಎಂಬ ಒಂದೇ ಕ್ರಿಯಾಪದ ಸಲ್ಲುತ್ತದೆ. ಕನ್ನಡ ತೆಲುಗುಗಳಾದರೋ ಕಲಿಯುವವನ ಪಾಲನ್ನು ಬಿಡಿಸಿ ತೋರಿಸುತ್ತವೆ: ಗುರು ಕಲಿಸಬಲ್ಲ, ತನ್ನದಾಗಿಸಿಕೊಳ್ಳಬೇಕಾದವನು ಶಿಷ್ಯನೇ. ‘ಉರುಹೊಡೆ’ ಎಂಬ ಮಾತಿನಲ್ಲಿ ಈ ‘ಕೊಳ್ಳು’ ಇಲ್ಲ. ಪರೀಕ್ಷೆಗೆಂದು ಟಿಪ್ಪಣಿಗಳನ್ನು ಉರುಹೊಡೆದವನಲ್ಲಿ ಫಲಿತಾಂಶದ ನಂತರ ಉಳಿಯುವುದು ಅಲ್ಪ. ಕಿವಿಗೆ ಬಿದ್ದ ಎರಡು ನುಡಿಗಳನ್ನು ತಾನೇ ಹೋಲಿಸಿ ನೋಡಿದವನಿಗೆ ವ್ಯಾಕರಣ ಸ್ವಂತದ್ದಾಗುತ್ತದೆ. ಐಚ್ಛಿಕ ಕನ್ನಡದ ತರಗತಿಯಲ್ಲಿ ಇಂತಹ ಹೋಲಿಕೆಗೆ ಎಡೆಯಿರಬೇಕು.