ರವಿವಾರದ ವಿಜ್ಞಾನ

ಚಂಚಲ ನಕ್ಷತ್ರಗಳ ಅಭ್ಯಾಸಕ್ಕೆ ದೊಡ್ಡ ದೂರದರ್ಶಕ ಬೇಕೇ ಬೇಕೆಂಬ ನಂಬಿಕೆ ನಮ್ಮ ಶಿಕ್ಷಕ ವರ್ಗದಲ್ಲಿ ಬೇರೂರಿದೆ. ನಾನು ಇದನ್ನು ಒಪ್ಪಲಾರೆ.

ಧಾರವಾಡದಲ್ಲಿ ಮಳೆ ಹಿಂದೆ ಸರಿದು ಅಕ್ಟೋಬರಿನ ಆಕಾಶ ತಿಳಿಯಾದಾಗ, ಸಂಜೆ ನೆತ್ತಿಯ ಸಮೀಪ ಶ್ರವಣ ನಕ್ಷತ್ರ ಹೊಳೆಯುತ್ತಿರುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು ೮ ಡಿಗ್ರಿ ಇಳಿದರೆ ಈಟಾ ಅಕ್ವಿಲೇ ಸಿಗುತ್ತದೆ. ಇದರ ಚಾಂಚಲ್ಯವನ್ನು ೧೭೮೪ರಲ್ಲಿ ಗುರುತಿಸಿದವನು ಇಂಗ್ಲೆಂಡಿನ ಎಡ್ವರ್ಡ್ ಪಿಗಟ್. ಹೊರಪದರಿನ ಹೀಲಿಯಂ ಶಾಖವನ್ನು ತಡೆದು ಬಿಡುವುದರಿಂದ ಇಡೀ ನಕ್ಷತ್ರವೇ ಹಿಗ್ಗಿ ಕುಗ್ಗುತ್ತದೆ. ಕಾಂತಿಮಾನ ಸುಮಾರು ೩.೫ರಿಂದ ೪.೪ರವರೆಗೆ ಇಳಿದು ಮತ್ತೆ ಏರುತ್ತದೆ. ಅವಧಿ ೭.೧೮ ದಿನ.

ಈ ಸಂಖ್ಯೆಯಲ್ಲಿ ಒಂದು ಸ್ವಾರಸ್ಯವಿದೆ. ಒಬ್ಬನು ಪ್ರತಿ ರವಿವಾರ ಮಾತ್ರ, ಅದೇ ಹೊತ್ತಿಗೆ, ಇದನ್ನು ನೋಡಿದನೆನ್ನಿ. ಒಂದು ಸುತ್ತು ಮುಗಿಯಲು ಇನ್ನೂ ನಾಲ್ಕು ತಾಸಿನಷ್ಟೇ ಬಾಕಿ ಇರುವುದರಿಂದ ಹೊಳಪು ಹೋದ ವಾರದಂತೆಯೇ ಕಾಣುತ್ತದೆ. ಇದು ಸ್ಥಿರ ನಕ್ಷತ್ರವೆಂದೇ ಆತ ಬರೆದುಕೊಂಡಾನು! ಫೆಬ್ರುವರಿ ೨೮ರಂದು ರಟ್ಟಿನ ಮಾದರಿಗಳನ್ನು ಜೋಡಿಸಿಟ್ಟು ಮಾರನೆಯ ದಿನ ಅಟ್ಟಕ್ಕೇರಿಸುವ ನಮ್ಮ ಶಾಲೆಗಳ ವಿಜ್ಞಾನವೂ ಇದೇ ಜಾತಿಯದು.

ನಿತ್ಯ ಸಂಜೆ ಐದು ನಿಮಿಷ ಸಾಕು. ಈಟಾವನ್ನು ನೆರೆಯ ಬೀಟಾ (೩.೭) ಮತ್ತು ಐಯೋಟಾ (೪.೪) ನಕ್ಷತ್ರಗಳೊಡನೆ ಹೋಲಿಸಿ ಅಂದಾಜನ್ನು ವಹಿಯಲ್ಲಿ ಬರೆಯಬೇಕು. ಮೊದಲ ವೀಕ್ಷಣೆಯಿಂದ ಕಳೆದ ದಿನಗಳನ್ನು ೭.೧೮ರಿಂದ ಭಾಗಿಸಿ, ಪೂರ್ಣಾಂಕವನ್ನು ಬಿಟ್ಟು, ದಶಮಾಂಶ ಭಾಗವನ್ನಷ್ಟೇ ಗ್ರಾಫ್ ಹಾಳೆಯ ಅಡ್ಡಗೆರೆಯ ಮೇಲೆ ಗುರುತಿಸಬೇಕು. ಆಗ ಹಲವು ಸುತ್ತುಗಳು ಒಂದರ ಮೇಲೊಂದು ಕೂಡುತ್ತವೆ. ಮೋಡ ಕವಿದ ರಾತ್ರಿಯ ತೆರಪನ್ನು ಮುಂದಿನ ಸುತ್ತಿನ ರಾತ್ರಿ ತುಂಬುತ್ತದೆ. ಬೇಗನೆ ಏರಿ ನಿಧಾನವಾಗಿ ಇಳಿಯುವ ಕಾಂತಿರೇಖೆ ಮೆಲ್ಲನೆ ಮೂಡುತ್ತದೆ. ಎಂಟನೆಯ ಇಯತ್ತೆಯ ಮಕ್ಕಳಿಗೆ ಇದು ಮೀರಿದ್ದಲ್ಲ. ಒಂದೆರಡು ಬಿಂದುಗಳು ಸಾಲಿನಿಂದ ಹೊರಗೆ ಬಿದ್ದರೆ ಗುರುಗಳು ರಬ್ಬರು ಹಿಡಿದು ಧಾವಿಸಬಾರದು, ಅಷ್ಟೇ.

ಜೆಸ್ಸೋರಿನ ಖಜಾನೆಯಲ್ಲಿ ನೌಕರಿ ಮಾಡುತ್ತಿದ್ದ ರಾಧಾಗೋವಿಂದ ಚಂದ್ರ ಅವರು ಇಂತಹ ೩೭ ಸಾವಿರಕ್ಕೂ ಹೆಚ್ಚು ಅಂದಾಜುಗಳನ್ನು ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘಕ್ಕೆ ಕಳುಹಿಸಿದರು. ಪದವಿ ಅವರಿಗಿರಲಿಲ್ಲ. ಸೆಫೀಡ್ ಜಾತಿಯ ಈ ನಕ್ಷತ್ರಗಳ ಅವಧಿ ತಿಳಿದರೆ ನಿಜವಾದ ಪ್ರಕಾಶವೂ ತಿಳಿಯುವುದೆಂದು ೧೯೧೨ರಲ್ಲಿ ತೋರಿಸಿದ ಹೆನ್ರಿಯೆಟಾ ಲೆವಿಟ್ ಕೂಡ ಇಂಥದೇ ತಾಳ್ಮೆಯ ಲೆಕ್ಕದವಳು.

ಹುಬ್ಬಳ್ಳಿಯ ಪೇಟೆಯ ದೀಪಗಳಲ್ಲಿ ನಾಲ್ಕನೆಯ ಕಾಂತಿಮಾನದ ನಕ್ಷತ್ರ ಕಾಣುವುದು ಕಷ್ಟ, ನಿಜ. ಆದರೆ ದಸರೆಯ ರಜೆಯಲ್ಲಿ ಎಷ್ಟೋ ಮಕ್ಕಳು ಅಜ್ಜಿಯ ಹಳ್ಳಿಗೆ ಹೋಗುತ್ತಾರೆ. ಅಲ್ಲಿನ ಮಾಳಿಗೆಯ ಮೇಲೆ ಇನ್ನೂ ಸಾಕಷ್ಟು ಕತ್ತಲೆಯಿದೆ.