ಎಕರೆ, ಗುಂಟೆ ಮತ್ತು ನಡುವಿನ ಒಂದು ಗೆರೆ

ಬೆಳೆಹಾನಿಯ ಪಟ್ಟಿಯೊಂದು ನಮ್ಮ ಕೈಗೆ ಬಂದಿತ್ತು. ಒಟ್ಟು ಎಷ್ಟು ಜಮೀನು ಹಾಳಾಗಿದೆ ಎಂದು ಸುದ್ದಿಯಲ್ಲಿ ಬರೆಯಬೇಕಿತ್ತು. ಪಟ್ಟಿಯನ್ನು ಡೇಟಾಬೇಸಿಗೆ ಹಾಕಿ ಕೂಡಿಸಿದೆವು. ಉತ್ತರ ತೀರಾ ಕಡಿಮೆ ಅನ್ನಿಸಿತು. ಮೊದಲ ಮೂರು ಸಾಲನ್ನು ಕೈಯಲ್ಲೇ ಕೂಡಿದೆವು.

1-30, 2-20, 0-35. ನಲವತ್ತು ಗುಂಟೆಗೆ ಒಂದು ಎಕರೆ. ಒಟ್ಟು 5 ಎಕರೆ 5 ಗುಂಟೆ. ನಮ್ಮೂರ ಹಿರಿಯರು ಬೆರಳಲ್ಲೇ ಹೇಳುವ ಲೆಕ್ಕ. ಕಂಪ್ಯೂಟರ್ ಹೇಳಿದ್ದು ಬರೀ 3.

ಕಾರಣ ಸರಳ. ಆ ಕಾಲಂನಲ್ಲಿ ಇದ್ದದ್ದು ಸಂಖ್ಯೆಯಲ್ಲ, ಅಕ್ಷರ. ಅಕ್ಷರವನ್ನು ಕೂಡು ಎಂದರೆ ಮೈಎಸ್‌ಕ್ಯೂಎಲ್ ಮೊದಲಿಗೆ ಸಿಗುವ ಅಂಕಿಯನ್ನಷ್ಟೇ ಹಿಡಿದು, ಗೆರೆಯ ನಂತರದ್ದನ್ನು ಬಿಡುತ್ತದೆ. '1,250' ಅದಕ್ಕೆ 1. 'ರೂ. 500' ಅದಕ್ಕೆ ಸೊನ್ನೆ. ಪೋಸ್ಟ್‌ಗ್ರೆಸ್ ಆದರೆ 'ಇದು ಸಂಖ್ಯೆಯಲ್ಲ' ಎಂದು ಕೆಲಸವನ್ನೇ ನಿಲ್ಲಿಸುತ್ತದೆ. ಸುಮ್ಮನೆ ತಪ್ಪು ಉತ್ತರ ಕೊಡುವುದಕ್ಕಿಂತ ಈ ಹಟವೇ ಮೇಲು ಎನ್ನುತ್ತೇವೆ ನಾವು.

ಕೆಲವರು ಗೆರೆ ತೆಗೆದು ಚುಕ್ಕೆ ಹಾಕುತ್ತಾರೆ. ಆಗ 3.85 ಬರುತ್ತದೆ. ಇದು ಇನ್ನೂ ಅಪಾಯ, ಏಕೆಂದರೆ ನೋಡಲು ಸರಿಯಾಗಿಯೇ ಕಾಣುತ್ತದೆ. ಮೂರೇ ಸಾಲಿನಲ್ಲಿ ಒಂದು ಎಕರೆ ಹನ್ನೊಂದು ಗುಂಟೆ ಮಾಯ! ಇನ್ನು ಯಾರಾದರೂ ೨-೨೦ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೆ, 0ಯಿಂದ 9ರವರೆಗೆ ಮಾತ್ರ ಹುಡುಕುವ ಕ್ವೆರಿಗೆ ಆ ರೈತ ಕಣ್ಣಿಗೇ ಬೀಳುವುದಿಲ್ಲ.

ಸರಿಯಾದ ದಾರಿ ಕಷ್ಟದ್ದಲ್ಲ. ಮೊದಲು ಕನ್ನಡ ಅಂಕಿಗಳನ್ನು ಬದಲಿಸಿಕೊಳ್ಳಬೇಕು. ಗೆರೆಯ ಎಡಕ್ಕಿರುವುದನ್ನು 40ರಿಂದ ಗುಣಿಸಿ, ಬಲಕ್ಕಿರುವ ಗುಂಟೆ ಸೇರಿಸಬೇಕು. ಎಲ್ಲ ಕೂಡಿದ ಮೇಲೆ 40ರಿಂದ ಭಾಗಿಸಬೇಕು. ಗುಂಟೆಯ ಜಾಗದಲ್ಲಿ 40 ಅಥವಾ ಹೆಚ್ಚು ಕಂಡರೆ ಬರೆದವರಲ್ಲೇ ತಪ್ಪಿದೆ. ಅರ್ಥವಾಗದ ಸಾಲಿಗೆ ಸೊನ್ನೆ ಹಾಕದೆ ಬೇರೆ ಪಟ್ಟಿ ಮಾಡಿ, ಮೂಲ ಅರ್ಜಿ ತೆಗೆದು ನೋಡಬೇಕು.

ಅದಕ್ಕಿಂತಲೂ ಒಳ್ಳೆಯದು ಎಕರೆಗೊಂದು, ಗುಂಟೆಗೊಂದು ಕಾಲಂ ಮೊದಲೇ ಇಡುವುದು. ಪಟ್ಟಿ ತಯಾರಿಸುವ ಕಚೇರಿಗಳನ್ನು ನಾವು ಕೇಳುವುದು ಇಷ್ಟನ್ನೇ.

ನಿಮ್ಮನ್ನೂ ಒಂದು ಮಾತು ಕೇಳುತ್ತೇವೆ. ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದಷ್ಟೇ ನೋಡಿ ಬರಬೇಡಿ. ಹತ್ತು ಸಾಲು ಕೂಡಿ ನೋಡಿ, ಒಟ್ಟು ಮೊತ್ತ ಹೇಗೆ ಬಂತು ಎಂದು ಗ್ರಾಮಸಭೆಯಲ್ಲಿ ಕೇಳಿ. ಒಂದು ಸಾಲಿನಲ್ಲಿ ಹೋದ ಮೂವತ್ತೈದು ಗುಂಟೆ ಯಾರದೋ ಮನೆಯ ಪೂರ್ತಿ ಹೊಲ.