ಕಾರು ಒಪ್ಪವಾಗಲಿ, ಮೈ ಕೆಡದಿರಲಿ

ಒಂದು ಶನಿವಾರ ರಾತ್ರಿ ಬಸವೇಶ್ವರನಗರದ ನನ್ನ ಕ್ಲಿನಿಕ್ಕಿನ ಬಾಗಿಲು ಹಾಕುವ ಹೊತ್ತಿಗೆ ತಂದೆಯೊಬ್ಬರು ಮಗನನ್ನು ಕೈಹಿಡಿದು ಕರೆತಂದರು. ಹುಡುಗನಿಗೆ ಹತ್ತೊಂಬತ್ತು ವರ್ಷ, ಎಂಜಿನಿಯರಿಂಗ್ ಎರಡನೇ ವರ್ಷದ ವಿದ್ಯಾರ್ಥಿ. ನಿಲ್ಲದ ಕೆಮ್ಮು, ಕಣ್ಣಿನಲ್ಲಿ ನೀರು, ಉಸಿರಿನಲ್ಲಿ ಪೆಟ್ರೋಲಿನ ವಾಸನೆ. ತಾಯಿ ಒಂದು ಲೋಟ ಉಪ್ಪುನೀರು ಹಿಡಿದುಕೊಂಡೇ ಬಂದಿದ್ದರು. "ವಾಂತಿ ಮಾಡಿಸೋಣ ಅಂದ್ರೆ ಇವನು ಕುಡೀತಾ ಇಲ್ಲ ಡಾಕ್ಟ್ರೇ" ಎಂದರು. ಅವನು ಕುಡಿಯದೆ ಇದ್ದದ್ದೇ ಅವನನ್ನು ಉಳಿಸಿತು.

ನಡೆದದ್ದು ಇಷ್ಟು. ಸೋದರಮಾವನ ಮನೆಯಿಂದ ಒಂದು ಹಳೆಯ ಸ್ಯಾನ್ ಸ್ಟಾರ್ಮ್ ಕಾರು ಇವರ ಮನೆಗೆ ಬಂದಿತ್ತು. 1998ರ ಸುಮಾರಿಗೆ ನಮ್ಮ ದೇಶದಲ್ಲೇ ತಯಾರಾಗಿ ಬಂದ, ಎರಡೇ ಸೀಟಿನ, ಮೇಲ್ಛಾವಣಿ ತೆಗೆಯಬಹುದಾದ, ಫೈಬರ್ ಗ್ಲಾಸ್ ಮೈಯ ಈ ಪುಟ್ಟ ಸ್ಪೋರ್ಟ್ಸ್ ಕಾರನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಆರು ವರ್ಷ ತಾರ್ಪಾಲಿನ ಕೆಳಗಿದ್ದ ಅದನ್ನು ಒಪ್ಪ ಮಾಡಿ ಓಡಿಸಬೇಕೆಂಬುದು ಹುಡುಗನ ಆಸೆ. ಟ್ಯಾಂಕಿನಲ್ಲಿದ್ದ ಹಳಸಿದ ಪೆಟ್ರೋಲನ್ನು ತೆಗೆಯಲು ರಬ್ಬರ್ ಕೊಳವೆ ಹಾಕಿ ಬಾಯಿಂದ ಎಳೆದಿದ್ದಾನೆ. ಒಂದು ಗುಟುಕು ಬಾಯಿಗೆ ಬಂತು, ಬೆಚ್ಚಿ ಕೆಮ್ಮಿದ, ಅಷ್ಟರಲ್ಲಿ ಸ್ವಲ್ಪ ಶ್ವಾಸಕೋಶಕ್ಕೆ ಇಳಿದಿತ್ತು. ಆಸ್ಪತ್ರೆಗೆ ಕಳಿಸಿದೆ. ಮರುದಿನದ ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಮೋಡದಂಥ ಕಲೆ. ಐದು ದಿನ ಆಮ್ಲಜನಕ, ಜ್ವರ, ಎದೆನೋವು. ಈಗ ಚೆನ್ನಾಗಿದ್ದಾನೆ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ತಂದೆಯನ್ನು ನಾನು ಕೇಳಿದ ಪ್ರಶ್ನೆ ಒಂದೇ: "ರಾತ್ರಿ ಒಂಬತ್ತು ಗಂಟೆಗೆ, ಶಟರ್ ಎಳೆದುಕೊಂಡು ಯಾಕೆ ಮಾಡುತ್ತಿದ್ದ?" ಅವರು ತಲೆ ತಗ್ಗಿಸಿದರು. "ಆ ಗುಜರಿ ಮುಟ್ಟಬೇಡ ಅಂತ ಬೈದಿದ್ದೆ. ನಾನು ಮದುವೆ ಊಟಕ್ಕೆ ಹೋಗಿದ್ದೆ."

ಈ ಲೇಖನ ಬರೆಯಲು ಆ ಉತ್ತರವೇ ಕಾರಣ.

ಬೈಗುಳ ಔಷಧವಲ್ಲ

ರಾಜಾಜಿನಗರದ ಕೈಗಾರಿಕಾ ಬಡಾವಣೆ ಹತ್ತಿರವಿರುವ ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಸ್ಪ್ಯಾನರ್ ಹಿಡಿಯುವುದು ಹೊಸದೇನಲ್ಲ. ಲೇತ್ ಯಂತ್ರದ ಮುಂದೆ ನಿಂತು ಮನೆ ನಡೆಸಿದ ತಂದೆಯಂದಿರ ಮಕ್ಕಳು ನಾವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ಹುಟ್ಟಿದ ಯಜ್ಡಿಗಳು ಇಂದಿಗೂ ವಿಜಯನಗರದ ಅಡ್ಡರಸ್ತೆಗಳಲ್ಲಿ ಗುಡುಗುತ್ತಿದ್ದರೆ, ಅದು ಮನೆ ಮುಂದೆ ಕುಳಿತು ಅವನ್ನು ಬಿಚ್ಚಿ ಜೋಡಿಸಿದವರ ಪುಣ್ಯ. ಆಯುಧ ಪೂಜೆಯ ದಿನ ವಾಹನ ತೊಳೆದು, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಜನ ನಾವು. ಆ ಪ್ರೀತಿಯನ್ನು ವರ್ಷಕ್ಕೆ ಒಂದೇ ದಿನಕ್ಕೆ ಮೀಸಲಿಡು ಎಂದು ಹುಡುಗನಿಗೆ ಹೇಳುವುದು ಹೇಗೆ?

ವೈದ್ಯನಾಗಿ ಹೇಳುತ್ತೇನೆ, ಈ ಹವ್ಯಾಸ ಆರೋಗ್ಯಕ್ಕೆ ಒಳ್ಳೆಯದು. ಮೊಬೈಲಿನಲ್ಲಿ ಮುಳುಗಿ ನಿದ್ದೆಗೆಟ್ಟ, ಕುತ್ತಿಗೆ ನೋವಿನ ಹುಡುಗರು ದಿನವೂ ನನ್ನಲ್ಲಿಗೆ ಬರುತ್ತಾರೆ. ಬಗ್ಗಿ, ಎದ್ದು, ತಿಕ್ಕಿ, ಒರೆಸಿ, ಕೆಟ್ಟದ್ದು ಸರಿಯಾಗುವವರೆಗೆ ತಾಳ್ಮೆಯಿಂದ ಕಾಯುವುದನ್ನು ಕಲಿಸುವ ಕೆಲಸಕ್ಕೆ ನಾನು ಬೇಡ ಎನ್ನಲಾರೆ. ನನ್ನ ವಾದ ಇಷ್ಟೇ: ನೀವು ಬೇಡವೆಂದರೆ ಕೆಲಸ ನಿಲ್ಲುವುದಿಲ್ಲ, ಶಟರ್ ಕೆಳಗಿಳಿಯುತ್ತದೆ. ಮುಚ್ಚಿದ ಶಟರಿನ ಹಿಂದೆ ಒಬ್ಬನೇ ಮಾಡುವ ಕೆಲಸವೇ ಅಪಾಯ.

ಬಾಯಿಂದ ಎಳೆಯಬೇಡಿ

ಪೆಟ್ರೋಲ್ ಹೊಟ್ಟೆಗೆ ಹೋದರೆ ಆಗುವ ಕೇಡಿಗಿಂತ ಶ್ವಾಸಕೋಶಕ್ಕೆ ಹೋದರೆ ಆಗುವ ಕೇಡು ಬಹಳ ದೊಡ್ಡದು. ನೀರಿಗಿಂತ ತೆಳುವಾದ ಅದು ಕೆಲವೇ ಹನಿಗಳಷ್ಟು ಇಳಿದರೂ ವೇಗವಾಗಿ ಹರಡಿ, ಗಾಳಿಗೂಡುಗಳ ಒಳಪದರವನ್ನು ಸುಟ್ಟು, ನ್ಯುಮೋನಿಯಾದಂಥ ಉರಿಯೂತ ತರುತ್ತದೆ. ವಾಂತಿ ಮಾಡಿಸಿದರೆ ಹೊಟ್ಟೆಯಲ್ಲಿದ್ದುದೂ ಮತ್ತೊಮ್ಮೆ ಗಂಟಲು ದಾಟುವಾಗ ಶ್ವಾಸಕೋಶಕ್ಕೆ ಜಾರುತ್ತದೆ. ಆದ್ದರಿಂದ ಉಪ್ಪುನೀರು ಬೇಡ, ಹಾಲು ಬೇಡ, ಮೊಟ್ಟೆಯ ಬಿಳಿ ಬೇಡ, ಬೆರಳು ಹಾಕುವುದಂತೂ ಬೇಡವೇ ಬೇಡ. ಬಾಯಿ ಮುಕ್ಕಳಿಸಿ ಉಗಿಸಿ, ಪೆಟ್ರೋಲ್ ತಾಗಿದ ಬಟ್ಟೆ ಬದಲಿಸಿ, ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯಿರಿ. ಕೆಮ್ಮು ಇಲ್ಲದಿದ್ದರೂ ಕನಿಷ್ಠ ಆರು ಗಂಟೆ ಕಣ್ಗಾವಲು ಬೇಕು. ಸೀಮೆಎಣ್ಣೆ, ಥಿನ್ನರ್, ಟರ್ಪೆಂಟೈನ್‌ಗಳಿಗೂ ಇದೇ ಮಾತು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೈಯಿಂದ ಒತ್ತುವ ಪುಟ್ಟ ಪಂಪು ಸಿಗುತ್ತದೆ. ಅದರ ಬೆಲೆ ಒಂದು ಎಕ್ಸ್-ರೇಯ ಖರ್ಚಿಗಿಂತ ಕಡಿಮೆ.

ತೆಗೆದ ಪೆಟ್ರೋಲನ್ನು ತಂಪುಪಾನೀಯದ ಬಾಟಲಿಗೆ ತುಂಬಿಡುವ ಕೆಟ್ಟ ಅಭ್ಯಾಸವನ್ನೂ ಬಿಡಿ. ರೇಡಿಯೇಟರಿಗೆ ಹಾಕುವ ಬಣ್ಣದ ಕೂಲೆಂಟಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಮೂತ್ರಪಿಂಡಗಳನ್ನು ಹಾಳುಮಾಡುತ್ತದೆ. ಮನೆಯ ಮಗುವಿಗೆ, ಬೀದಿಯ ನಾಯಿಗೆ ಅದು ಶರಬತ್ತಿನಂತೆ ಕಾಣುತ್ತದೆ.

ನಮ್ಮ 30-40ರ ಮನೆಗಳು

ನಮ್ಮ ಬಡಾವಣೆಗಳ 30-40 ನಿವೇಶನಗಳಲ್ಲಿ ನೆಲಮಹಡಿ ಎಂದರೆ ಕಾರು ನಿಲ್ಲಿಸುವ ಜಾಗ, ಅದಕ್ಕೊಂದು ಶಟರು, ಅದರ ಮೇಲೆಯೇ ಮಲಗುವ ಕೋಣೆ, ಅದರ ಕೆಳಗೆ ಕುಡಿಯುವ ನೀರಿನ ಸಂಪು. ವಿದೇಶದ ಪುಸ್ತಕಗಳಲ್ಲಿ ಕಾಣುವ ಗ್ಯಾರೇಜು ಮನೆಯಿಂದ ದೂರ ಇರುತ್ತದೆ. ನಮ್ಮದು ಮನೆಯ ಹೊಟ್ಟೆಯಲ್ಲಿದೆ. ಇದನ್ನು ನೆನಪಿಟ್ಟುಕೊಂಡೇ ಕೆಲಸಕ್ಕೆ ಇಳಿಯಬೇಕು.

ಎಂಜಿನ್ ಚಾಲೂ ಮಾಡಿ ಕಾರ್ಬುರೇಟರ್ ಹೊಂದಿಸುವಾಗ ಹೊರಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಹೆಚ್ಚು ಬಿಗಿಯಾಗಿ ಅದು ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ನಂತರ ಮಂಪರು. ಪಿತ್ತವೆಂದು ತಿಳಿದು ಅಲ್ಲೇ ಒರಗಿಕೊಂಡವನು ಏಳದೇ ಹೋಗಬಹುದು. ಮೆಟ್ಟಿಲಿನ ಮೂಲಕ ಮೇಲಿನ ಕೋಣೆಗೂ ಅದು ಏರುತ್ತದೆ. ಕೋವಿಡ್ ಕಾಲದಲ್ಲಿ ನೀವು ಕೊಂಡ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ವಿಷವಾಯು ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ಎಂದು ತೋರಿಸಬಹುದು. ಹೀಗಾಗಿ ಎಂಜಿನ್ ಚಾಲೂ ಇರುವಾಗ ಶಟರ್ ಪೂರ್ತಿ ಮೇಲಿರಲಿ. ಇನ್ನೂ ಒಳ್ಳೆಯದೆಂದರೆ ಕಾರನ್ನು ಗೇಟಿನ ಹೊರಗೆ ತಳ್ಳಿಬಿಡಿ. ತಲೆನೋವು ಬಂದವನನ್ನು ತಕ್ಷಣ ಬಯಲಿಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ. ಇದಕ್ಕೆ ಚಿಕಿತ್ಸೆ ಆಸ್ಪತ್ರೆಯಲ್ಲಿ ಕೊಡುವ ಶುದ್ಧ ಆಮ್ಲಜನಕ.

ಇನ್ನು ಸಂಪು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಅದು ನೆಲದಲ್ಲಿ ಹರಿದು ತಗ್ಗನ್ನು ಹುಡುಕುತ್ತದೆ. ಸಂಪಿನ ಮುಚ್ಚಳದ ಸಂದಿಯಿಂದ ಒಳಗಿಳಿದು ಕೂರುತ್ತದೆ. ಮೋಟಾರಿನ ಸ್ವಿಚ್ಚಿನ ಒಂದು ಕಿಡಿ, ದೇವರ ಮನೆಯಿಂದ ತಂದ ಒಂದು ಊದುಬತ್ತಿ ಸಾಕು. ಚೆಲ್ಲಿದ ಎಣ್ಣೆ, ಕೂಲೆಂಟು, ಥಿನ್ನರ್ ಇಳಿದರೆ ಮರುದಿನದ ಕುಡಿಯುವ ನೀರೇ ಕೆಡುತ್ತದೆ. ಸಂಪಿನ ಮೇಲೆ ಪೆಟ್ರೋಲಿನ ಕೆಲಸ ಮಾಡಲೇಬೇಡಿ. ಬಳಸಿದ ಎಂಜಿನ್ ಆಯಿಲ್ಲನ್ನು ಮಳೆನೀರಿನ ಚರಂಡಿಗೂ ಸುರಿಯಬೇಡಿ. ನಮ್ಮ ಕಡೆಯ ಚರಂಡಿಗಳೆಲ್ಲ ಸೇರುವುದು ವೃಷಭಾವತಿಗೆ. ಕೆಂಗೇರಿಯಲ್ಲಿ ಆಕೆಯ ಪಕ್ಕ ಮೂಗು ಮುಚ್ಚಿಕೊಂಡು ಸಾಗುವ ನಮಗೆ ಅವಳ ಕಾಯಿಲೆ ಹೆಚ್ಚಿಸುವ ಹಕ್ಕಿಲ್ಲ. ಡಬ್ಬದಲ್ಲಿ ಹಿಡಿದಿಟ್ಟು ಸರ್ವಿಸ್ ಕೇಂದ್ರಕ್ಕೆ ಕೊಡಿ.

ಜಾಕು ಮತ್ತು ಬಣ್ಣ

ಮಾರುತಿ 800ರಂಥ ಸಣ್ಣ ಕಾರಿನ ತೂಕವೂ ಸುಮಾರು 650 ಕಿಲೋ. ಚಕ್ರ ಬದಲಿಸಲು ಕೊಟ್ಟಿರುವ ಜಾಕಿನ ಮೇಲೆ ಅದನ್ನು ನಿಲ್ಲಿಸಿ ಕೆಳಗೆ ತೂರಿಕೊಳ್ಳುವವರಿದ್ದಾರೆ. ಜಾಕು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಹೊರುವುದಕ್ಕೆ ಉಕ್ಕಿನ ಆಕ್ಸಲ್ ಸ್ಟ್ಯಾಂಡುಗಳು ಬೇಕು, ಸಮತಟ್ಟಾದ ಗಟ್ಟಿ ನೆಲ ಬೇಕು, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕುಗಳು ಮುನ್ಸೂಚನೆಯಿಲ್ಲದೆ ಸೀಳುತ್ತವೆ. ಎದೆಯ ಮೇಲೆ ಭಾರ ಬಿದ್ದರೆ ಮೂಳೆ ಮುರಿಯಬೇಕಾಗಿಲ್ಲ, ಪಕ್ಕೆಲುಬು ಹಿಗ್ಗಲಾಗದೆ ಕೆಲವೇ ನಿಮಿಷಗಳಲ್ಲಿ ಉಸಿರು ನಿಲ್ಲುತ್ತದೆ. ಕೂಗಲೂ ಆಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಇನ್ನೊಬ್ಬರಿರಬೇಕು ಎನ್ನುವುದು.

ಫೈಬರ್ ಗ್ಲಾಸ್ ಮೈಯನ್ನು ಉಜ್ಜುವಾಗ ಏಳುವುದು ಗಾಜಿನ ಎಳೆಗಳ ದೂಳು. ಚರ್ಮ ತುರಿಸುತ್ತದೆ, ಗಂಟಲು ಕೆರೆಯುತ್ತದೆ. ನೀರು ಹಾಕಿ ಉಜ್ಜಿದರೆ ದೂಳು ಕಡಿಮೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಬ್ರೇಕಿನ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮನೆಯ ಬಟ್ಟೆಗಳೊಂದಿಗೆ ಒಗೆಯಬೇಡಿ. ಎನ್-95 ಮುಖಗವಸು ಬಣ್ಣದ ಆವಿಯನ್ನು ತಡೆಯದು. ಗಟ್ಟಿಕಾರಕ ಬೆರೆಸುವ ಎರಡು ಡಬ್ಬದ ಹೊಳಪು ಬಣ್ಣಗಳಲ್ಲಿ ಐಸೋಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಹೊಸದಾಗಿ ಆಸ್ತಮಾ ತರಬಲ್ಲದು. ಒಮ್ಮೆ ಶರೀರ ಅದಕ್ಕೆ ತಿರುಗಿಬಿದ್ದರೆ ಮುಂದೆ ಎಳ್ಳಷ್ಟು ಸೋಂಕಿದರೂ ಉಸಿರು ಕಟ್ಟುತ್ತದೆ. ಈ ಒಂದು ಕೆಲಸವನ್ನು ಮನೆಯಲ್ಲಿ ಮಾಡಬೇಡಿ, ಗಾಳಿ ಪೂರೈಸುವ ಮುಖವಾಡ ಇರುವ ಪೇಂಟ್ ಬೂತಿಗೆ ಬಿಡಿ. ಒಪ್ಪ ಮಾಡುವ ಮಿಕ್ಕ ಸಂತೋಷವೆಲ್ಲ ನಿಮ್ಮದೇ.

ನನ್ನ ಎಡ ತೋರುಬೆರಳಿನಲ್ಲಿ ಇಂದಿಗೂ ಒಂದು ಗಾಯದ ಗುರುತಿದೆ. ಹದಿನೇಳನೇ ವಯಸ್ಸಿನಲ್ಲಿ ಸ್ಕೂಟರಿನ ಕವಚ ಬಿಚ್ಚುವಾಗ ಆದದ್ದು. ಬೈಗುಳಕ್ಕೆ ಹೆದರಿ ಮೂರು ದಿನ ಮುಚ್ಚಿಟ್ಟು, ಕೀವು ತುಂಬಿದ ಮೇಲೆ ತೋರಿಸಿದೆ. ಟೆಟನಸ್ ಚುಚ್ಚುಮದ್ದು, ಒಂದು ಜೋಡಿ ಕನ್ನಡಕ, ಒಂದು ಜೋಡಿ ಕೈಗವಸು ಇವು ಮೂರೂ ಸ್ಪ್ಯಾನರಿಗಿಂತ ಮೊದಲು ಬರಲಿ. ಗ್ರೈಂಡರಿನಿಂದ ಸಿಡಿದ ಕಬ್ಬಿಣದ ಕಣ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಸೀರೆಯ ಸೆರಗಿನಿಂದ ತೆಗೆಯಲು ಹೋಗಬೇಡಿ. ಅದೇ ದಿನ ಮಿಂಟೋ ಆಸ್ಪತ್ರೆಗೋ ಹತ್ತಿರದ ನೇತ್ರ ತಜ್ಞರಿಗೋ ತೋರಿಸಿ. ಬ್ಯಾಟರಿಯ ಆಸಿಡ್ ಬಿದ್ದರೆ, ಸುಟ್ಟರೆ, ಹರಿಯುವ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟು, ಶಾಯಿ, ಕಾಫಿಪುಡಿ ಯಾವುದೂ ಬೇಡ.

ಒಪ್ಪ ಬೇರೆ, ಮಾರ್ಪಾಡು ಬೇರೆ

ಇಲ್ಲಿ ನಾನು ಹುಡುಗರ ಪಕ್ಷ ಬಿಡುತ್ತೇನೆ. ಇದ್ದದ್ದನ್ನು ಮೊದಲಿನಂತೆ ಮಾಡುವುದು ಒಪ್ಪ. ಸದ್ದಿಗಾಗಿ ಸೈಲೆನ್ಸರ್ ಕೊರೆಯುವುದು, ಕಾರನ್ನು ನೆಲಕ್ಕೆ ತಗ್ಗಿಸುವುದು, ಏರ್‌ಬ್ಯಾಗ್ ಇರುವ ಸ್ಟಿಯರಿಂಗ್ ಕಿತ್ತು ಪುಟ್ಟ ಚಕ್ರ ಹಾಕುವುದು ಮಾರ್ಪಾಡು. ತಗ್ಗಿಸಿದ ಕಾರು ನಮ್ಮ ಹಂಪುಗಳ ಮೇಲೆ ಕೊಡುವ ಪೆಟ್ಟೆಲ್ಲ ಬೆನ್ನುಮೂಳೆಗೆ ಬೀಳುತ್ತದೆ. ಕಣ್ಣು ಕುಕ್ಕುವ ದೀಪ, ಪೊರೆ ಬಂದ ಕಣ್ಣಿನ ಹಿರಿಯರನ್ನು ಎದುರಿನ ರಸ್ತೆಯಲ್ಲಿ ಕುರುಡಾಗಿಸುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಸದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರ ನಂತರ 45 ಡೆಸಿಬೆಲ್ ಮಿತಿ. ಕಿವಿಗೆ 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದಾದರೆ, 100 ಡೆಸಿಬೆಲ್‌ಗೆ ಕಾಲು ಗಂಟೆಯೇ ಮಿತಿ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ರಾತ್ರಿ ಹನ್ನೊಂದಕ್ಕೆ ನಿಮ್ಮ ಮಗ ಬಡಾವಣೆ ಸುತ್ತಿದರೆ, ಹೃದಯಾಘಾತವಾಗಿ ಮನೆಗೆ ಮರಳಿದ ಯಾರೋ ಅಜ್ಜ, ಆಗಷ್ಟೇ ಮಗು ಮಲಗಿಸಿದ ಬಾಣಂತಿ ಎದ್ದು ಕೂರುತ್ತಾರೆ. ಅವರೆಲ್ಲ ಬೆಳಿಗ್ಗೆ ನನ್ನ ಕ್ಲಿನಿಕ್ಕಿಗೆ ಬರುತ್ತಾರೆ, ನಾನು ಬಲ್ಲೆ.

ಕಾನೂನೂ ಈ ಗೆರೆಯನ್ನೇ ಎಳೆದಿದೆ. ತಯಾರಕರ ಮೂಲ ವಿವರಗಳನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ವಿಧಿಸಿದೆ. ಹದಿನೈದು ವರ್ಷ ದಾಟಿದ ಕಾರಿಗೆ ನೋಂದಣಿ ನವೀಕರಣವೂ ಆಗಬೇಕು.

ಆದ್ದರಿಂದ ತಂದೆ-ತಾಯಿಯರಲ್ಲಿ ನನ್ನ ಕೋರಿಕೆ: ಮಗ ಅಥವಾ ಮಗಳು ಹಳೆಯ ಕಾರು ಬಿಚ್ಚುತ್ತೇನೆಂದರೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಿಚ್ಚಲಿ, ಶಟರ್ ಮೇಲಿರಲಿ, ನೀವು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಿರಿ. ಯಂತ್ರದ ಜ್ಞಾನ ನಿಮಗಿರಬೇಕಿಲ್ಲ, ಕೂಗಿದರೆ ಕೇಳುವ ದೂರದಲ್ಲಿದ್ದರೆ ಸಾಕು. ಕತ್ತಲಾದ ಮೇಲೆ ಕೆಲಸ ಬೇಡ. ಒಬ್ಬನೇ ಕೆಲಸ ಬೇಡ.

ಆ ಹುಡುಗ ಕಳೆದ ವಾರ ತಪಾಸಣೆಗೆ ಬಂದಿದ್ದ. ಎದೆ ಸ್ವಚ್ಛವಾಗಿತ್ತು. ಕಾರು ಎಲ್ಲಿಗೆ ಬಂತು ಎಂದು ಕೇಳಿದೆ. "ಅಪ್ಪ ಬ್ರೇಕು ಉಜ್ಜುತ್ತಿದ್ದಾರೆ ಸರ್, ಒದ್ದೆ ಬಟ್ಟೆಯಲ್ಲಿ" ಎಂದ.